ಇಂದಿನ ಧಮ್ಮ ಚಿಂತನೆ: ಕ್ಯಾಲಿಸ್ಟೊ ಮೇಲೆ ಸೂರ್ಯ ಹುಟ್ಟುವಾಗ



ಇವತ್ತಿನ ಚಿಂತನೆ ಬಹಳ ದೂರದಿಂದ, ಗುರು ಗ್ರಹದ ಬಳಿಯಿಂದ ಶುರುವಾಗುತ್ತದೆ. ಕೊನೆಗೆ ಶಾಲೆಯ ಬಿಸಿಯೂಟದ ಸಾಲಿಗೆ ಬಂದು ನಿಲ್ಲುತ್ತದೆ. ಸ್ವಲ್ಪ ತಾಳ್ಮೆಯಿಂದ ಓದಿ.

ನಾನು ಕನ್ನಡ ಪಾಠ ಮಾಡುವ ಶಿಕ್ಷಕಿ. ವಿಜ್ಞಾನದ ಮೇಷ್ಟ್ರು ರಜೆ ಹಾಕಿದ್ದ ಒಂದು ದಿನ ಎಂಟನೇ ತರಗತಿಯ ಅವರ ಪೀರಿಯಡ್ ನನಗೆ ಬಂತು. ಪಾಠ ಮಾಡುವಷ್ಟು ತಯಾರಿ ಇರಲಿಲ್ಲ. ಸ್ಮಾರ್ಟ್ ಬೋರ್ಡಿನಲ್ಲಿ ಗುರು ಗ್ರಹದ ಉಪಗ್ರಹಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾ ಹೋದೆ. ಕ್ಯಾಲಿಸ್ಟೊ ಎಂಬ ಉಪಗ್ರಹ ಬಂದಾಗ ತರಗತಿ ಸುಮ್ಮನಾಯಿತು. ಮೈತುಂಬ ಕುಳಿಗಳು. ಬೆರಳಿಡಲು ಜಾಗವಿಲ್ಲದ ಹಾಗೆ ಕುಳಿಯ ಮೇಲೆ ಕುಳಿ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಕೇಳಿದಳು: “ಮಿಸ್, ಅದು ಏನ್ ಪಾಪ ಮಾಡಿತ್ತು, ಅಷ್ಟೊಂದು ಏಟು ತಿನ್ನೋಕೆ?”

ಮಕ್ಕಳೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆ ಆ ಮಗುವಿನ ಸ್ವಂತದ್ದಲ್ಲ ಎಂದು ನನಗೆ ಗೊತ್ತಿತ್ತು. ಮೈಮೇಲೆ ಗಾಯ ಕಂಡ ಕೂಡಲೇ ಗಾಯಗೊಂಡವರ ಪಾಪವನ್ನು ಹುಡುಕುವುದು ನಮ್ಮಲ್ಲಿ ಬಹಳ ಹಳೆಯ ಅಭ್ಯಾಸ. ಅದು ಮನೆಯಿಂದ ಮನೆಗೆ, ಬಾಯಿಂದ ಬಾಯಿಗೆ ಬಂದಿದೆ. ಯಾರ ಮೈಮೇಲೆ ಗಾಯವಿದೆಯೋ ಅವರ ಬಾಯಿಗೂ ಬಂದು ಸೇರಿದೆ. “ನಾಳೆ ಹೇಳ್ತೀನಿ” ಎಂದು ಗಂಟೆ ಹೊಡೆಯುವ ತನಕ ಕಾಲ ಕಳೆದೆ.

ರಾತ್ರಿ ಕುಳಿತು ಓದಿದೆ. ಗೆಲಿಲಿಯೋ ತನ್ನ ದೂರದರ್ಶಕದಲ್ಲಿ 1610ರ ಜನವರಿಯಲ್ಲಿ ಕಂಡ ನಾಲ್ಕು ಉಪಗ್ರಹಗಳಲ್ಲಿ ಇದೂ ಒಂದು. ಅಡ್ಡಳತೆ ಸುಮಾರು 4,820 ಕಿಲೋಮೀಟರ್; ಹೆಚ್ಚುಕಡಿಮೆ ಬುಧ ಗ್ರಹದಷ್ಟೇ ದೊಡ್ಡದು. ಹೆಸರು ಗ್ರೀಕ್ ಪುರಾಣದ್ದು. ಕ್ಯಾಲಿಸ್ಟೊ ಒಬ್ಬ ವನಕನ್ಯೆ. ದೇವತೆಗಳ ರಾಜ ಸ್ಯೂಸ್ ವೇಷ ಮರೆಸಿಕೊಂಡು ಬಂದು ಅವಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅವನ ಹೆಂಡತಿಗೆ ಸಿಟ್ಟು ಬಂದು ಅವಳನ್ನೇ ಕರಡಿಯಾಗಿಸುತ್ತಾಳೆ. ಇಂದ್ರ, ಅಹಲ್ಯೆಯರ ಕಥೆ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ತಪ್ಪು ಮಾಡಿದವನು ಪಟ್ಟದ ಮೇಲೆ ಉಳಿದ. ಶಿಕ್ಷೆ ಅವಳ ಪಾಲಿಗೆ ಬಂತು. ಆ ದೇವರಾಜನನ್ನು ರೋಮನ್ನರು ಜೂಪಿಟರ್ ಎಂದರು. ಗುರು ಗ್ರಹಕ್ಕೆ ಆ ಭಾಷೆಗಳಲ್ಲಿ ಅದೇ ಹೆಸರು. ಅವಳ ಹೆಸರು ಹೊತ್ತ ಉಪಗ್ರಹ ಇವತ್ತಿಗೂ ಅವನ ಹೆಸರಿನ ಗ್ರಹವನ್ನೇ ಸುತ್ತುತ್ತಿದೆ.

ಪುರಾಣ ಬದಿಗಿರಲಿ. ಆ ನೆಲದ ಮೇಲೆ ಒಂದು ಬೆಳಗಿನ ಹೊತ್ತು ನಿಂತಿದ್ದೇವೆ ಎಂದುಕೊಳ್ಳಿ.

ಉಸಿರಾಡಲು ಗಾಳಿಯಿಲ್ಲ. ಇರುವುದು ಇಂಗಾಲದ ಡೈಆಕ್ಸೈಡಿನ ತೀರಾ ತೆಳುವಾದ ಪೊರೆ. ಹಾಗಾಗಿ ಮುಂಜಾವಿನ ಕೆಂಪಿಲ್ಲ, ಸದ್ದಿಲ್ಲ. ಆಕಾಶ ಹಗಲಲ್ಲೂ ಕಪ್ಪು. ಒಂದು ಸಲ ಸೂರ್ಯ ಹುಟ್ಟಿದರೆ ಮತ್ತೆ ಹುಟ್ಟುವುದು ನಮ್ಮ ಲೆಕ್ಕದಲ್ಲಿ ಸುಮಾರು 16.7 ದಿನಗಳ ನಂತರ. ಅಷ್ಟು ದೂರಕ್ಕೆ ಸೂರ್ಯ ನಮಗೆ ಕಾಣುವುದರ ಐದನೇ ಒಂದು ಭಾಗದಷ್ಟು ಅಗಲ. ಬೆಳಕು ಇಲ್ಲಿಯದರ 27ರಲ್ಲಿ ಒಂದು ಪಾಲು. ಆ ಪುಟ್ಟ ಬಿಂಬ ದಿಗಂತದಿಂದ ಪೂರ್ತಿ ಮೇಲೇಳಲು ಆರೇಳು ನಿಮಿಷ ಬೇಕು. ಗುರುವಿನ ಕಡೆಗೆ ಮುಖಮಾಡಿದ ಬದಿಯ ನಡುವೆ ನಿಂತರೆ, ನೆತ್ತಿಯ ಮೇಲೆ ನಮ್ಮ ಚಂದ್ರನಿಗಿಂತ ಎಂಟು ಪಟ್ಟು ಅಗಲದ ಗುರು ಅರ್ಧ ಬೆಳಗಿ ನಿಂತಿರುತ್ತದೆ. ಅದು ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ.

ಮೊದಲ ಬೆಳಕು ಬೀಳುವುದು ಎತ್ತರದ ತುದಿಗಳ ಮೇಲೆ. ಕುಳಿಗಳ ಅಂಚು, ಆಮೇಲೆ ಅಲ್ಲಲ್ಲಿ ಎದ್ದು ನಿಂತ ಹಿಮದ ಕೊಡುಮುಡಿಗಳು ಬೆಳ್ಳಗೆ ಹೊಳೆಯುತ್ತವೆ. ತಗ್ಗೆಲ್ಲ ಇನ್ನೂ ಕತ್ತಲು. ಬೆಳಕು ಕೆಳಗಿಳಿದಂತೆ ಕಾಣುವುದು ಕಪ್ಪು ಧೂಳು ಹೊದ್ದ ನೆಲ, ಅದರ ತುಂಬ ಕುಳಿಗಳು. ವಲ್ಹಾಲಾ ಎಂಬ ಒಂದು ಗಾಯ ಎಷ್ಟು ದೊಡ್ಡದೆಂದರೆ, ಬಾವಿಗೆ ಕಲ್ಲು ಹಾಕಿದಾಗ ಏಳುವ ಉಂಗುರಗಳ ಹಾಗೆ ಅದರ ಉಂಗುರಗಳು ಸುಮಾರು 3,800 ಕಿಲೋಮೀಟರ್ ಅಗಲಕ್ಕೆ ಹರಡಿವೆ. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ನಮ್ಮ ದೇಶದ ಉದ್ದಕ್ಕಿಂತ ಅದು ಹೆಚ್ಚು. ಈ ನೆಲಕ್ಕೆ ಸುಮಾರು 400 ಕೋಟಿ ವರ್ಷ ವಯಸ್ಸು.

ಏಟು ಬಿದ್ದದ್ದೇಕೆ? ಸೌರಮಂಡಲ ರೂಪುಗೊಂಡ ಕಾಲದಲ್ಲಿ ಉಳಿದ ಕಲ್ಲು, ಹಿಮದ ತುಂಡುಗಳು ಎಲ್ಲೆಡೆ ಅಲೆಯುತ್ತಿದ್ದವು. ದಾರಿಗೆ ಸಿಕ್ಕವರಿಗೆ ಬಡಿದವು. ಕ್ಯಾಲಿಸ್ಟೊಗೆ ಬಡಿದವು, ನಮ್ಮ ಭೂಮಿಗೂ ಬಡಿದವು.

ಮರುದಿನ ಹುಡುಗಿಗೆ ಇದನ್ನೇ ಹೇಳಿದೆ. “ಅದು ಯಾವ ಪಾಪವನ್ನೂ ಮಾಡಿಲ್ಲಮ್ಮ. ಏಟು ಎಲ್ಲರಿಗೂ ಬಿದ್ದಿತ್ತು, ನಮ್ಮ ಭೂಮಿಗೂ ಬಿದ್ದಿತ್ತು.” ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರೆ ಅದೊಂದೇ ಯಾಕ್ ಮಿಸ್ ಇನ್ನೂ ಹಂಗೇ ಇದೆ?” ಎಂದಳು.

ಬಂಧುಗಳೇ, ಇದು ಸರಿಯಾದ ಪ್ರಶ್ನೆ. ಗಾಯ ಏಕೆ ಆಯಿತು ಎನ್ನುವುದು ಒಂದು ಪ್ರಶ್ನೆ. ಗಾಯ ಏಕೆ ಉಳಿಯಿತು ಎನ್ನುವುದು ಬೇರೆಯೇ ಪ್ರಶ್ನೆ.

ಭೂಮಿಯ ಮೇಲೆ ಇದುವರೆಗೆ ಗುರುತಿಸಿರುವ ಇಂಥ ಕುಳಿಗಳು ಸುಮಾರು 200 ಮಾತ್ರ. ಪಕ್ಕದ ಮಹಾರಾಷ್ಟ್ರದ ಲೋಣಾರ್ ಸರೋವರ ಅವುಗಳಲ್ಲಿ ಒಂದು. ಉಳಿದವು ಎಲ್ಲಿ ಹೋದವು? ಮಳೆ ಕೊಚ್ಚಿತು, ಗಾಳಿ ಸವೆಸಿತು, ನದಿ ಮಣ್ಣು ತುಂಬಿತು, ಜ್ವಾಲಾಮುಖಿ ಹೊಸ ನೆಲ ಹಾಸಿತು, ಭೂಮಿಯ ತಟ್ಟೆಗಳು ಸರಿದು ಹಳೆಯ ನೆಲವನ್ನು ಒಳಗೆಳೆದುಕೊಂಡವು. ಗುರುವಿನ ಇನ್ನೊಂದು ಉಪಗ್ರಹ ಅಯೋ. ಅದರ ಮೇಲೆ ಇದುವರೆಗೆ ಅಪ್ಪಳಿಕೆಯ ಒಂದೂ ಕುಳಿ ಕಂಡಿಲ್ಲ. ಅಲ್ಲಿ ಜ್ವಾಲಾಮುಖಿಗಳು ಬಿಡುವಿಲ್ಲದೆ ನೆಲವನ್ನು ಹೊಸದಾಗಿಸುತ್ತಿವೆ. ಅಯೋ, ಯೂರೋಪಾ, ಗ್ಯಾನಿಮೀಡ್ ಮೂರೂ ಒಂದು ತಾಳಕ್ಕೆ ಸುತ್ತುತ್ತವೆ. ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯೂರೋಪಾ ಎರಡು, ಅಯೋ ನಾಲ್ಕು. ಈ ಎಳೆದಾಟದಿಂದ ಮುಖ್ಯವಾಗಿ ಅಯೋ ಮತ್ತು ಯೂರೋಪಾಗಳ ಒಳಗೆ ಕಾವು ಹುಟ್ಟುತ್ತದೆ. ಕ್ಯಾಲಿಸ್ಟೊ ಈ ತಾಳದಿಂದ ಹೊರಗೆ, ದೂರದಲ್ಲಿದೆ. ಅದಕ್ಕೆ ಆ ಕಾವು ಸಿಗಲಿಲ್ಲ. ಅದರ ನೆಲವನ್ನು ಹೊಸದಾಗಿಸುವ ಕೆಲಸ ನಡೆಯಲೇ ಇಲ್ಲ.

ನಾಲ್ಕಕ್ಕೂ ಸಿಕ್ಕ ಕಾಲ ಹೆಚ್ಚುಕಡಿಮೆ ಒಂದೇ. ಕಾಲವೊಂದೇ ಗಾಯ ಮಾಯಿಸುವುದಾಗಿದ್ದರೆ ಕ್ಯಾಲಿಸ್ಟೊ ಮೈ ಎಂದೋ ನುಣುಪಾಗಬೇಕಿತ್ತು. 400 ಕೋಟಿ ವರ್ಷಕ್ಕಿಂತ ಹೆಚ್ಚು ಕಾಲವನ್ನು ಯಾರು ತಾನೇ ಕೊಡಬಲ್ಲರು? ಗಾಯ ಮಾಯುವುದು ಕೆಲಸದಿಂದ. ಇದನ್ನೇ ನಾವು ಪ್ರತೀತ್ಯ ಸಮುತ್ಪಾದ ಎಂದು ಕಲಿತಿದ್ದೇವೆ. ಕಾರಣವಿದ್ದರೆ ಫಲ; ಕಾರಣವಿಲ್ಲದಿದ್ದರೆ ಫಲವಿಲ್ಲ.

ಪಾಪದ ಮಾತಿಗೆ ಮತ್ತೆ ಬರೋಣ. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬಾಬಾಸಾಹೇಬರು ಹಿಂದಿನ ಜನ್ಮದ ಕರ್ಮದ ವಾದವನ್ನು ಎದುರಿಗೆ ಇಟ್ಟುಕೊಂಡು ಪರೀಕ್ಷಿಸುತ್ತಾರೆ. ಬಡವರ, ಕೆಳಗೆ ತುಳಿಯಲ್ಪಟ್ಟವರ ಸ್ಥಿತಿಗೆ ಸಮಾಜವೂ ಪ್ರಭುತ್ವವೂ ಹೊಣೆ ಹೊರದೆ ನುಣುಚಿಕೊಳ್ಳಲು ಆ ವಾದ ದಾರಿ ಮಾಡಿಕೊಡುತ್ತದೆ ಎಂದು ಅವರು ತೋರಿಸಿದರು. ನಾವು ದೀಕ್ಷೆ ತೆಗೆದುಕೊಂಡ ದಿನ ಆ ವಾದವನ್ನು ಹೊಸ್ತಿಲಾಚೆ ಬಿಟ್ಟು ಬಂದೆವು. ಆದರೆ ಅದರ ತಂಗಿಯೊಬ್ಬಳು ಹಿತ್ತಿಲ ಬಾಗಿಲಿಂದ ನಮ್ಮ ಮನೆಯೊಳಗೇ ಬಂದು ಕೂತಿದ್ದಾಳೆ. ಅವಳ ಮಾತು: “ಕಾಲ ಬದಲಾಗ್ತಿದೆ, ಎಲ್ಲ ನಿಧಾನಕ್ಕೆ ಸರಿಹೋಗುತ್ತೆ.” ಅಕ್ಕ ಹೊಣೆಯನ್ನು ಹಿಂದಿನ ಜನ್ಮಕ್ಕೆ ತಳ್ಳುತ್ತಿದ್ದಳು. ತಂಗಿ ಮುಂದಿನ ತಲೆಮಾರಿಗೆ ತಳ್ಳುತ್ತಾಳೆ. ಇವತ್ತಿನ ದಿನ ಇಬ್ಬರ ಲೆಕ್ಕದಲ್ಲೂ ಇಲ್ಲ.

ಮಹಾಡ್ ನೆನಪಿಸಿಕೊಳ್ಳಿ. ಸಾರ್ವಜನಿಕ ಕೆರೆ, ಬಾವಿಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. 1924ರಲ್ಲಿ ಮಹಾಡಿನ ಪುರಸಭೆಯೂ ಚವದಾರ್ ಕೆರೆ ಎಲ್ಲರಿಗೂ ತೆರೆದಿದೆ ಎಂದು ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆದಿತ್ತು, ದಿನಗಳು ಉರುಳುತ್ತಿದ್ದವು, ನಮ್ಮವರ ಬೊಗಸೆಗೆ ನೀರು ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಡನೆ ನಡೆದು ಹೋಗಿ ನೀರು ಮುಟ್ಟಿ ಕುಡಿದರು. ಆಮೇಲೂ ಹಲ್ಲೆ ನಡೆಯಿತು, ಕೆರೆಯ ‘ಶುದ್ಧಿ’ ನಡೆಯಿತು, ಮೊಕದ್ದಮೆ 1937ರವರೆಗೆ ಎಳೆಯಿತು. ಆ ಹತ್ತು ವರ್ಷವೂ ಸುಮ್ಮನೆ ಕಳೆದ ಕಾಲವಲ್ಲ. ಪ್ರತಿ ವರ್ಷವೂ ಯಾರೋ ಕೆಲಸ ಮಾಡಿದ ಕಾಲ.

ಹಾಗಾದರೆ ಅನಿತ್ಯ? ಎಲ್ಲವೂ ಬದಲಾಗುತ್ತದೆ ಎಂದು ತಥಾಗತರೇ ಹೇಳಿಲ್ಲವೇ?

ಹೇಳಿದ್ದಾರೆ. ಕ್ಯಾಲಿಸ್ಟೊ ಕೂಡ ಅದಕ್ಕೆ ಹೊರತಲ್ಲ. 2001ರ ಮೇ ತಿಂಗಳಲ್ಲಿ ಗೆಲಿಲಿಯೋ ಹೆಸರಿನ ನೌಕೆ ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ 80ರಿಂದ 100 ಮೀಟರ್ ಎತ್ತರದ ಹಿಮದ ಕೊಡುಮುಡಿಗಳು ಕಂಡವು. ಸೂರ್ಯ ಹುಟ್ಟಿ ಬಿಸಿಲು ತಾಗಿದಾಗ ಅಲ್ಲಿಯ ಹಿಮ ಕರಗಿ ನೀರಾಗುವುದಿಲ್ಲ. ಕರ್ಪೂರದ ಹಾಗೆ ನೇರ ಆವಿಯಾಗುತ್ತದೆ. ಒಳಗಿದ್ದ ಕಪ್ಪು ಧೂಳು ಬುಡಕ್ಕೆ ಜಾರುತ್ತದೆ. ಪ್ರತಿ ಬಿಸಿಲೂ ತುದಿಯಿಂದ ಕಣ್ಣಿಗೆ ಕಾಣದಷ್ಟು ಸವೆಸುತ್ತದೆ. ಸಣ್ಣಪುಟ್ಟ ಕುಳಿಗಳು ಹೀಗೆ ಅಳಿಸಿಯೂ ಹೋಗಿವೆ. ದೊಡ್ಡವು ಹಾಗೇ ಇವೆ.

ಅಂದರೆ ಅನಿತ್ಯ ಎಲ್ಲೆಡೆ ಇದೆ. ಆದರೆ ತನ್ನಷ್ಟಕ್ಕೆ ಬಿಟ್ಟರೆ ಅದರ ನಡಿಗೆ ಅಷ್ಟೇ. ಮನುಷ್ಯನ ಆಯುಷ್ಯ ಆ ಲೆಕ್ಕಕ್ಕೆ ಸಾಲದು. ಮಹಾಪರಿನಿಬ್ಬಾಣದ ಹೊತ್ತಿನಲ್ಲಿ ಭಗವಾನರು ಕೊಟ್ಟ ಕೊನೆಯ ಉಪದೇಶದಲ್ಲಿ ಅನಿತ್ಯವೂ ಅಪ್ರಮಾದವೂ ಒಟ್ಟಿಗೇ ಬರುತ್ತವೆ. ನಾವು ಮೊದಲಿನದನ್ನು ಬಾಯಿಪಾಠ ಮಾಡಿ ಎರಡನೆಯದನ್ನು ಬಿಡುತ್ತೇವೆ. ಅನಿತ್ಯ ಹೇಳುವುದು ಇದು ಬದಲಾಗಬಲ್ಲದು ಎಂದು. ಎಚ್ಚರದಿಂದ ಮಾಡುವ ಕೆಲಸ ಅದನ್ನು ನಮ್ಮ ಆಯುಷ್ಯದೊಳಗೆ ಬದಲಾಯಿಸುತ್ತದೆ.

ಒಂದು ಎಚ್ಚರಿಕೆ. ಇಂಥ ದೂರದ ಲೋಕಗಳನ್ನು ತೋರಿಸಿ ಕೆಲವರು, “ನೋಡಿ, ವಿಶ್ವ ಇಷ್ಟು ದೊಡ್ಡದು, ನಿಮ್ಮ ಜಾತಿ ಜಗಳ ಎಷ್ಟು ಸಣ್ಣದು” ಎನ್ನುತ್ತಾರೆ. ಒಪ್ಪಬೇಡಿ. ಕ್ಯಾಲಿಸ್ಟೊಗೆ ನೋವಿಲ್ಲ. ಅಷ್ಟು ಕುಳಿಗಳಿದ್ದರೂ ಅಲ್ಲಿ ಯಾರೂ ಅಳುತ್ತಿಲ್ಲ. ನೋವಿರುವುದು ಈ ಸಣ್ಣ ಭೂಮಿಯ ಮೇಲೆ, ಉಣ್ಣುವ ತಟ್ಟೆಯ ಮುಂದೆ. ಉಪಮೆ ಅಲ್ಲಿಗೆ ಮುಗಿಯುತ್ತದೆ, ನಮ್ಮ ಹೊಣೆ ಅಲ್ಲಿಂದ ಶುರುವಾಗುತ್ತದೆ.

ಈಗ ನನ್ನ ತಪ್ಪು ಹೇಳಬೇಕು.

ಪ್ರಶ್ನೆ ಕೇಳಿದ ಹುಡುಗಿ ಬಿಸಿಯೂಟಕ್ಕೆ ಕೂರುವುದು ಸಾಲಿನ ಕೊನೆಯಲ್ಲಿ. ಅವಳಿಗೂ ಪಕ್ಕದವಳಿಗೂ ನಡುವೆ ಒಂದು ಮಗು ಕೂರುವಷ್ಟು ಜಾಗ ಖಾಲಿ. ಯಾರೂ ಅವಳನ್ನು ಅಲ್ಲಿಗೆ ಕಳಿಸಿದ್ದಲ್ಲ. ತಾನೇ ಹೋಗಿ ಕೂರುತ್ತಾಳೆ. ಜೂನ್ ತಿಂಗಳಿಂದ ನಾನು ಇದನ್ನು ನೋಡಿದ್ದೆ. ದಿನವೂ ತ್ರಿಶರಣ, ಪಂಚಶೀಲ ಹೇಳುವ ನಾನು, ನಿಮ್ಮೊಡನೆ ಅಧ್ಯಯನಕ್ಕೆ ಕೂರುವ ನಾನು, “ಮಕ್ಕಳು, ದೊಡ್ಡವರಾದಂತೆ ಸರಿಹೋಗ್ತಾರೆ” ಎಂದುಕೊಂಡು ಸ್ಟಾಫ್ ರೂಮಿಗೆ ನಡೆದಿದ್ದೆ. ಆ ಖಾಲಿ ಜಾಗದ ಮೇಲೆ ಎಷ್ಟೋ ದಿನ ಸೂರ್ಯ ಹುಟ್ಟಿ ಮುಳುಗಿದ. ಜಾಗ ಒಂದಂಗುಲವೂ ಕಡಿಮೆಯಾಗಿರಲಿಲ್ಲ.

ಅವಳ ಎರಡನೇ ಪ್ರಶ್ನೆಯ ದಿನ ಮಧ್ಯಾಹ್ನ ನಾನೊಂದು ತಟ್ಟೆ ತೆಗೆದುಕೊಂಡು ಆ ಜಾಗದಲ್ಲಿ ಕೂತು ಉಂಡೆ. ಮರುದಿನದಿಂದ ಮಕ್ಕಳನ್ನು ಹಾಜರಿ ನಂಬರಿನ ಪ್ರಕಾರ ಕೂರಿಸಿ, ವಾರಕ್ಕೊಮ್ಮೆ ಸಾಲು ಬದಲಿಸತೊಡಗಿದೆ. ಇಬ್ಬರು ಮಕ್ಕಳು ಮನೆಯಿಂದ ಡಬ್ಬಿ ತರಲು ಶುರುಮಾಡಿದರು. ಒಬ್ಬ ಒಂದು ವಾರ ತಂದು ಬಿಟ್ಟ. ಇನ್ನೊಬ್ಬ ಈಗಲೂ ತರುತ್ತಾನೆ. ಪೋಷಕರ ಸಭೆಯಲ್ಲಿ ಒಬ್ಬರು, “ಎಲ್ಲ ನಿಧಾನಕ್ಕೆ ಸರಿಹೋಗುತ್ತೆ ಮೇಡಂ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?” ಎಂದರು. “ನಿಧಾನಕ್ಕೆ ಅಂದ್ರೆ ಎಷ್ಟು ವರ್ಷ ಸಾರ್?” ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಕೆಲಸ ಮುಗಿದಿಲ್ಲ, ಶುರುವಾಗಿದೆ, ಅಷ್ಟೆ.

ಬಂಧುಗಳೇ, ಇವತ್ತು ಐದು ನಿಮಿಷ ಸುಮ್ಮನೆ ಕೂತು ಒಂದೇ ವಿಷಯ ಯೋಚಿಸೋಣ. ನಮ್ಮ ಮನೆಯಲ್ಲಿ, ಬೀದಿಯಲ್ಲಿ, ಕೆಲಸದ ಜಾಗದಲ್ಲಿ, ‘ಕಾಲ ಬಂದಾಗ ಸರಿಹೋಗುತ್ತೆ’ ಎಂದು ನಾವು ಬಿಟ್ಟಿರುವ ಖಾಲಿ ಜಾಗ ಯಾವುದು? ಅದು ನಮ್ಮದೇ ಮನೆಯ ಹೆಣ್ಣುಮಕ್ಕಳದ್ದಿರಬಹುದು, ನಮ್ಮೊಳಗಿನ ಇನ್ನೊಂದು ಒಳಜಾತಿಯವರದ್ದೂ ಇರಬಹುದು. ಸಿಕ್ಕರೆ, ನಾಳೆ ಅಲ್ಲಿ ಹೋಗಿ ಕೂರೋಣ.

ಭವತು ಸಬ್ಬ ಮಂಗಲಂ.
ಜೈ ಭೀಮ್ 🙏