ಹಸಿದ ನಾಡೂ ನಕ್ಷತ್ರಶೋಧನೆಯೂ

ಬಳ್ಳಾರಿ ಸೀಮೆಯ ಒಕ್ಕಲಿಗನು ಮಳೆಯನ್ನು ನಕ್ಷತ್ರದ ಹೆಸರಿನಿಂದಲೇ ಕರೆಯುತ್ತ ಬಂದಿರುವನು. ರೋಹಿಣಿ, ಮೃಗಶಿರ, ಆರಿದ್ರ ಎಂದು ಎಣಿಸುವಾಗ ಅವನ ಕಣ್ಣು ಆಕಾಶದ ಮೇಲಿದ್ದರೂ ಮನಸ್ಸು ಎರೆಹೊಲದ ಜೋಳದ ಮೇಲಿರುತ್ತದೆ. ಆಕಾಶವನ್ನು ತಿಳಿದರೆ ಅನ್ನಕ್ಕೆ ದಾರಿಯಾದೀತೆಂಬ ಈ ಹಳೆಯ ಆಸೆಯೇ ಒಂದು ಕಾಲದಲ್ಲಿ ಸರಕಾರದ ಕಡತಗಳನ್ನೂ ಹೊಕ್ಕು, ಒಂದು ದೊಡ್ಡ ವೇಧಶಾಲೆಯನ್ನು ಕಟ್ಟಿಸಿತು. ಬಡವರು ತುಂಬಿದ ದೇಶವು ಖಗೋಳಶಾಸ್ತ್ರಕ್ಕಾಗಿ ಹಣವನ್ನು ವೆಚ್ಚಮಾಡಬಹುದೇ, ಮಾಡುವುದಾದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ವಿಚಾರಿಸತಕ್ಕವರಿಗೆ ಆ ವೇಧಶಾಲೆಯ ಚರಿತ್ರೆಯು ಒಂದು ಒಳ್ಳೆಯ ಪಾಠವಾಗಿದೆ.

1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ದಕ್ಷಿಣ ದೇಶವನ್ನು ಮಹಾಕ್ಷಾಮವು ಸುಟ್ಟಿತು. ಆಗ ಬಳ್ಳಾರಿ ಜಿಲ್ಲೆಯು ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಇಳಿದುಹೋಯಿತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು, ಕ್ಷಾಮಪರಿಹಾರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಸ್ವಲ್ಪ ಹಣವೂ ಸಾಕೆಂದು ಗೊತ್ತುಮಾಡಿದನು. ಮದರಾಸಿನ ಆರೋಗ್ಯಾಧಿಕಾರಿಯಾದ ಕಾರ್ನಿಷ್ ಎಂಬ ವೈದ್ಯನು ಇದನ್ನು ಬಲವಾಗಿ ವಿರೋಧಿಸಿದನು. ಕೆಲವು ತಿಂಗಳ ಮೇಲೆ ಕೂಲಿಯು ಹೆಚ್ಚಿತು. ಅನ್ನವನ್ನು ಹೀಗೆ ತೂಗಿ ಕೊಟ್ಟ ಸರಕಾರದ ಬೊಕ್ಕಸವೇ ಮುಂದೆ ಸೂರ್ಯನನ್ನು ನೋಡುವುದಕ್ಕೂ ಹಣವನ್ನು ಕೊಟ್ಟಿತು.

ಕೊಟ್ಟುದಕ್ಕೆ ಕಾರಣವಿದ್ದಿತು. ಸೂರ್ಯಬಿಂಬದ ಮೇಲಿನ ಕಪ್ಪು ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ಕುಗ್ಗುವುವು. ಮಳೆಯೂ ಬರವೂ ಈ ಏರಿಳಿತವನ್ನೇ ಅನುಸರಿಸುವುವೆಂದು ಆ ಕಾಲದ ಕೆಲವು ಪಂಡಿತರು ನಂಬಿದ್ದರು. ಸೂರ್ಯನನ್ನು ಎಡೆಬಿಡದೆ ನೋಡಿದರೆ ಕ್ಷಾಮವನ್ನು ಮುಂಗಂಡು ಹೇಳಬಹುದೆಂಬ ನಿರೀಕ್ಷೆಯು ಹುಟ್ಟಿತು. 1893ರ ಜುಲೈಯಲ್ಲಿ ಲಾರ್ಡ್ ಕೆಲ್ವಿನ್ ಅಧ್ಯಕ್ಷನಾಗಿದ್ದ ಸಮಿತಿಯು ಕೊಡೈಕಾನಲ್ ಬೆಟ್ಟದ ಮೇಲೆ ಸೂರ್ಯವೇಧಶಾಲೆಯನ್ನು ಸ್ಥಾಪಿಸಲು ನಿಶ್ಚಯಿಸಿತು. 1899ರಲ್ಲಿ ಮದರಾಸಿನ ಹಳೆಯ ವೇಧಶಾಲೆಯ ಕಾರ್ಯವು ಅಲ್ಲಿಗೆ ಸಾಗಿತು. 1901ರಿಂದ ವೀಕ್ಷಣೆಗಳು ಮೊದಲಾದುವು.

ನಿರೀಕ್ಷೆಯು ಫಲಿಸಿತೇ? ಫಲಿಸಲಿಲ್ಲವೆಂದೇ ಹೇಳಬೇಕು. 1904ರಿಂದ ಭಾರತದ ವೇಧಶಾಲೆಗಳಿಗೆಲ್ಲ ಮುಖ್ಯಾಧಿಕಾರಿಯಾಗಿದ್ದ ಗಿಲ್ಬರ್ಟ್ ವಾಕರನು ಹಲವು ವರ್ಷಗಳ ಅಂಕಿಗಳನ್ನು ಹೋಲಿಸಿ ನೋಡಲಾಗಿ, ಸೂರ್ಯನ ಕಲೆಗಳಿಂದ ಮಳೆಯನ್ನು ಹೇಳುವುದು ಸಾಧ್ಯವಿಲ್ಲವೆಂದು ಕಂಡುಬಂದಿತು. ಮಳೆಯ ಏರುಪೇರಿನ ಒಂದು ಸುಳಿವನ್ನು ಅವನು ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ಮೇಲಿನ ವಾಯುಭಾರದ ತೂಗಾಟದಲ್ಲಿ ಕಂಡನು. ಇನ್ನು ಸಿರುಗುಪ್ಪ, ಕುರುಗೋಡುಗಳ ಕಡೆಯ ವಿಸ್ತಾರವಾದ ಹೊಲಗಳಿಗೆ ನೀರು ತಂದುದು ಸೂರ್ಯವೀಕ್ಷಣೆಯಲ್ಲ. 1945ರಲ್ಲಿ ಆರಂಭವಾದ ತುಂಗಭದ್ರೆಯ ಅಣೆಕಟ್ಟು.

ಆಕ್ಷೇಪಿಸುವವರು ಇಲ್ಲಿಯೇ ನಿಂತು ಕೇಳುವರು: ಹಾಗಾದರೆ ಆ ಹಣವೆಲ್ಲ ವ್ಯರ್ಥವಲ್ಲವೇ? ಅದರಿಂದ ಇನ್ನಷ್ಟು ಕೆರೆಗಳನ್ನು ತೋಡಿಸಬಹುದಾಗಿದ್ದಿತಲ್ಲ? ಈ ಆಕ್ಷೇಪವು ಹಗುರವಾದುದಲ್ಲ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವನು ಹಸಿವನ್ನು ಕಂಡವನಲ್ಲ.

ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರವು ಫಲಗಳ ಪಟ್ಟಿ. ಕೊಡೈಕಾನಲ್‌ನಲ್ಲಿ 1909ರಲ್ಲಿ ಜಾನ್ ಎವರ್ಷೆಡ್ ಎಂಬವನು ಸೂರ್ಯನ ಕಲೆಗಳ ಅಂಚಿನಲ್ಲಿ ಅನಿಲವು ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದನು. ಅಲ್ಲಿ ನೂರು ವರ್ಷಗಳಿಗೂ ಮಿಕ್ಕಿ ತೆಗೆದ ಸೂರ್ಯನ ಚಿತ್ರಗಳು ಇಂದು ಜಗತ್ತಿನ ವಿದ್ವಾಂಸರಿಗೆ ಉಪಯೋಗವಾಗುತ್ತಿವೆ. ಆ ಪರಂಪರೆಯಿಂದಲೇ ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯು ಬೆಳೆಯಿತು. ಕಾವಲೂರಿನಲ್ಲಿ 1986ರಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕವು ಈ ದೇಶದವರ ಕೈಯಿಂದಲೇ ಸಿದ್ಧವಾಗಿ ನಿಂತಿತು. 2023ರ ಸೆಪ್ಟೆಂಬರಿನಲ್ಲಿ ಆಕಾಶಕ್ಕೇರಿದ ಆದಿತ್ಯ ನೌಕೆಯ ಮುಖ್ಯ ಯಂತ್ರವನ್ನು ಈ ಸಂಸ್ಥೆಯೇ ನಿರ್ಮಿಸಿತು.

ಈ ಪಟ್ಟಿಯು ನಿಜವೇ ಆದರೂ ಉತ್ತರವು ಪೂರ್ಣವಲ್ಲ. ಫಲವು ಒಳ್ಳೆಯದಾದ ಮಾತ್ರಕ್ಕೆ ಕೇಳಿದ ರೀತಿಯು ಸರಿಯಾಗದು. ಮಳೆಯನ್ನು ಹೇಳಬಲ್ಲೆವೆಂದು ಪ್ರಾಮಾಣಿಕವಾಗಿ ನಂಬಿ ತಪ್ಪಿದವರಲ್ಲಿ ದೋಷವಿಲ್ಲ. ತಪ್ಪುವುದು ಶೋಧನೆಯ ಸ್ವಭಾವವೇ ಆಗಿದೆ. ಆದರೆ ಬಯಸಿದ್ದು ಜ್ಞಾನವಾಗಿದ್ದು, ಹಸಿದವರ ಹೆಸರನ್ನು ಮುಂದಿಟ್ಟು ಹಣವನ್ನು ಕೇಳಿದರೆ, ಅದು ಹಸಿದವರಿಗೂ ಜ್ಞಾನಕ್ಕೂ ಬಗೆಯುವ ದ್ರೋಹ. ಅನ್ನದ ವಾಗ್ದಾನದಿಂದ ಪಡೆದ ಹಣವನ್ನು ಅನ್ನದ ಲೆಕ್ಕದಲ್ಲಿಯೇ ಒಪ್ಪಿಸಬೇಕಾಗುತ್ತದೆ. ಆ ಲೆಕ್ಕದಲ್ಲಿ ನಕ್ಷತ್ರವು ಎಂದಿಗೂ ಸೋಲುವುದು.

ಹಾಗಾದರೆ ನಿಜವಾದ ಕಾರಣವಾವುದು? ಬಡ ಸಂಸಾರವೊಂದರ ಉದಾಹರಣೆಯಿಂದ ಇದು ತಿಳಿದುಬರುವುದು. ಬೆಳೆಯಿಲ್ಲದ ವರ್ಷದಲ್ಲಿ ವಿವೇಕಿಯಾದ ಯಜಮಾನನು ಹಬ್ಬದ ಖರ್ಚನ್ನು ಕಡಮೆಮಾಡುವನು. ಮಗುವನ್ನು ಮಾತ್ರ ಶಾಲೆಯಿಂದ ಬಿಡಿಸನು. ಹಾಗೆಂದು ಸಾಲಮಾಡಿ ಮಹಡಿಯನ್ನೂ ಕಟ್ಟಿಸನು. ಹಸಿವು ಪೂರ್ಣವಾಗಿ ತೀರಿದ ಮೇಲೆ ಓದು ಎಂದರೆ ಆ ಮನೆಯಲ್ಲಿ ಓದು ಎಂದಿಗೂ ಬಾರದು. ದೇಶವೂ ಹಾಗೆಯೇ. ತಿಳಿಯಬೇಕೆಂಬ ಬಯಕೆಯು ಉಳ್ಳವರ ಸೊತ್ತಲ್ಲ. ಇಲ್ಲದವನ ಮಗನಿಗೂ ಅದರಲ್ಲಿ ಪಾಲಿದೆ. ಆದುದರಿಂದ ಒಂದು ಪಾಲು ಸಲ್ಲಬೇಕು, ಅದು ಮಿತವಾಗಿರಬೇಕು, ಒಂದು ವರ್ಷ ಹೊಳೆಯಾಗಿ ಹರಿದು ಮರುವರ್ಷ ಬತ್ತದೆ ಸ್ಥಿರವಾಗಿರಬೇಕು. ಕೊಡೈಕಾನಲ್‌ನ ಚಿತ್ರಗಳಿಗೆ ಬೆಲೆ ಬಂದುದು ಅವುಗಳ ಸರಪಣಿಯು ಶತಮಾನವನ್ನು ದಾಟಿದುದರಿಂದಲೇ.

ಆ ಪಾಲಿನೊಳಗೆ ಯಾವುದು ಮೊದಲೆಂಬುದನ್ನೂ ಇದೇ ದೃಷ್ಟಿಯಿಂದ ನಿರ್ಣಯಿಸಬಹುದು. 2023ರಲ್ಲಿ ಕೇಂದ್ರ ಸರಕಾರವು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಗುರುತ್ವ ತರಂಗಗಳನ್ನು ಹಿಡಿಯುವ ವೇಧಶಾಲೆಗೆ ಸುಮಾರು 2,600 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಹವಾಯಿ ದ್ವೀಪದ ಬೆಟ್ಟದ ಮೇಲೆ ಕಟ್ಟಬೇಕೆಂದಿದ್ದ 30 ಮೀಟರ್ ದೂರದರ್ಶಕದಲ್ಲಿಯೂ ಭಾರತವು ಪಾಲುದಾರನಾಯಿತು. ಆ ಬೆಟ್ಟವನ್ನು ಪವಿತ್ರವೆಂದು ಭಾವಿಸುವ ಅಲ್ಲಿನ ಮೂಲನಿವಾಸಿಗಳ ವಿರೋಧದಿಂದ ಕೆಲಸವು ವರ್ಷಗಟ್ಟಲೆ ನಿಂತಿತು. ಇಂತಹ ಮಹಾಕಾರ್ಯಗಳನ್ನು ಅವುಗಳ ಗಾತ್ರದಿಂದಲೂ ಕೀರ್ತಿಯಿಂದಲೂ ಅಳೆಯಲಾಗದು. ಈ ನೆಲದಿಂದಲೇ ಚೆನ್ನಾಗಿ ಕಾಣುವುದೇನು, ಇಲ್ಲಿನ ಎಷ್ಟು ತರುಣರ ಕೈ ಪಳಗುವುದು, ಯಂತ್ರವು ಹಳೆಯದಾದ ಮೇಲೂ ಉಳಿಯುವ ವಿದ್ಯೆ ಯಾವುದು, ಯಾರ ನೆಲವನ್ನು ಯಾರ ಒಪ್ಪಿಗೆಯಿಂದ ಪಡೆಯಲಾಯಿತು ಎಂದು ಮೊದಲು ಕೇಳತಕ್ಕದ್ದು. ಒಂದು ಮಹಾಯಂತ್ರಕ್ಕಾಗಿ ಹತ್ತು ಕಾಲೇಜುಗಳ ಸಣ್ಣ ದೂರದರ್ಶಕಗಳು ಧೂಳು ಹಿಡಿಯುವಂತಾದರೆ ಅದು ಬೇರನ್ನು ಕಡಿದು ಕೊಂಬೆಗೆ ನೀರೆರೆದಂತೆ.

ಕಡೆಯದಾಗಿ, ಹಣ ಕೊಟ್ಟವನಿಗೆ ಲೆಕ್ಕವು ಅವನ ಭಾಷೆಯಲ್ಲಿ ಸಲ್ಲಬೇಕು. ಮದರಾಸು ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1874ರ ಶುಕ್ರಸಂಕ್ರಮಣವನ್ನು ಕುರಿತ ಪುಸ್ತಿಕೆಯನ್ನು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಹೊರತಂದರು. ಆಕಾಶದ ಸಂಗತಿಯು ಜನರಿಗೆ ತಿಳಿಯಬೇಕೆಂದು ಅವರು ಬಗೆದರು. ಬದಲಾಗಿ ಮಳೆಯ ಆಸೆಯನ್ನು ತೋರಿಸಲಿಲ್ಲ. ಇಂದಿನ ವಿದ್ವಾಂಸರೂ ಮಂತ್ರಿಗಳೂ ಸಿರುಗುಪ್ಪದ ಒಕ್ಕಲಿಗನ ಮುಂದೆ ಕುಳಿತು, “ಇದರಿಂದ ನಿನ್ನ ಹೊಲಕ್ಕೆ ಹನಿ ಬೀಳದು, ಆದರೂ ಇದು ತಿಳಿಯತಕ್ಕ ವಿಷಯ, ನಿನ್ನ ಕಂದಾಯದಿಂದ ಇಷ್ಟು ಇದಕ್ಕೆ ಸಂದಿದೆ” ಎಂದು ಕನ್ನಡದಲ್ಲಿ ಹೇಳಬಲ್ಲವರಾಗಬೇಕು. ಹಾಗೆ ಹೇಳಲು ಅಳುಕಾಗುವ ವೆಚ್ಚವನ್ನು ಮುಂದಕ್ಕೆ ಹಾಕುವುದೇ ಲೇಸು.