ಹೊಸ ಕ್ಯಾಮೆರಾ ಬರಲಿ, ಆಮೇಲೆ...



ಕೆಲವು ವಾರಗಳ ಹಿಂದೆ ಭಾನುವಾರದ ಪೂಜೆ ಮುಗಿದ ಮೇಲೆ ಯುವಕನೊಬ್ಬ ದೇವಾಲಯದ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿದ. ಊರಿನ ಮದುವೆ, ನಾಮಕರಣ, ಹಬ್ಬಗಳಲ್ಲಿ ಹವ್ಯಾಸಕ್ಕಾಗಿ ಫೋಟೋ ತೆಗೆಯುವ ಹುಡುಗ. "ಸ್ವಾಮಿ, ನನ್ನ ಕ್ಯಾಮೆರಾ ಚೆನ್ನಾಗಿಯೇ ಇದೆ. ಆದರೂ ಹೊಸದು ತಗೋಬೇಕು ಅನ್ನಿಸ್ತಾ ಇದೆ. ಹಂಗೇ ಫ್ಲ್ಯಾಷೂ ಬದಲಾಯಿಸಬೇಕು. ಇದು ದುರಾಸೆನಾ?" ಎಂದು ನಗುತ್ತಲೇ ಕೇಳಿದ.

ನಾನು ತಕ್ಷಣ ಉತ್ತರ ಕೊಡಲಿಲ್ಲ. "ಯೋಚನೆ ಮಾಡಿ ಹೇಳ್ತೀನಪ್ಪಾ" ಎಂದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಈ ವಿಷಯದಲ್ಲಿ ನಾನೇ ತೀರಿಸಲಾಗದ ಒಂದು ಸಾಲ ಹೊತ್ತವನು. ಅದನ್ನು ಹೇಳದೆ ಅವನಿಗೆ ಬುದ್ಧಿ ಹೇಳುವುದು ಸರಿಯಲ್ಲವೆನಿಸಿತು.

ನಾನೂ ಹವ್ಯಾಸಿಯೇ. ಗುರುದೀಕ್ಷೆಯಾದ ಹೊಸತರಲ್ಲಿ ಪರಿಚಯದವರಿಂದ ಒಂದು ಬಳಸಿದ ಕ್ಯಾಮೆರಾ ಕೊಂಡೆ. 2004ರಲ್ಲಿ ಮಾರುಕಟ್ಟೆಗೆ ಬಂದ ನಿಕಾನ್ ಡಿ70, 6 ಮೆಗಾಪಿಕ್ಸೆಲ್‌ನದು. ಅದರ ಜೊತೆಗೆ ಫಿಲ್ಮ್ ಕಾಲದ ಒಂದು ಫ್ಲ್ಯಾಷ್ ಬಂತು. ಆ ಕಾಲದ ಫ್ಲ್ಯಾಷ್‌ಗಳಿಗೆ ಒಂದು ಜಾಣತನವಿತ್ತು. ಫಿಲ್ಮಿನ ಮೇಲೆ ಬಿದ್ದು ಹಿಂದಿರುಗುವ ಬೆಳಕನ್ನು ಕ್ಯಾಮೆರಾ ಅಳೆದು, ಸಾಕಾದೊಡನೆ ಫ್ಲ್ಯಾಷನ್ನು ಆರಿಸುತ್ತಿತ್ತು. ಡಿಜಿಟಲ್ ಸೆನ್ಸರ್ ಬೆಳಕನ್ನು ಫಿಲ್ಮಿನಂತೆ ಹಿಂದಿರುಗಿಸುವುದಿಲ್ಲ. ಹೀಗಾಗಿ ಹೊಸ ಫ್ಲ್ಯಾಷ್‌ಗಳು ಮೊದಲು ಒಂದು ಮಂದ ಮಿಂಚು ಬಿಟ್ಟು, ಅಳೆದುಕೊಂಡು, ಆಮೇಲೆ ನಿಜವಾದ ಮಿಂಚು ಬಿಡುತ್ತವೆ. ನನ್ನ ಹಳೆಯ ಫ್ಲ್ಯಾಷ್‌ಗೆ ಆ ವಿದ್ಯೆ ಬಾರದು. ನಾನೇ ಲೆಕ್ಕ ಹಾಕಬೇಕು. ಐಎಸ್ಒ 200ರಲ್ಲಿ ಅದರ ಗೈಡ್ ನಂಬರ್ 40. ಅದನ್ನು ಲೆನ್ಸಿನ ಎಫ್ ಸಂಖ್ಯೆಯಿಂದ ಭಾಗಿಸಿದರೆ ದೂರ ಸಿಗುತ್ತದೆ: ಎಫ್ 4ಕ್ಕೆ 10 ಮೀಟರ್, ಎಫ್ 8ಕ್ಕೆ 5 ಮೀಟರ್.

ಲೆಕ್ಕ ಸರಿಯಾದರೂ ಬೆಳಕು ಹೇಳಿದ ಮಾತು ಕೇಳುವುದಿಲ್ಲ. ದೂರ ಎರಡರಷ್ಟಾದರೆ ಫ್ಲ್ಯಾಷಿನ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಪ್ರಥಮ ಪರಮಪ್ರಸಾದದ ದಿನ ಮುಂದೆ ನಿಂತ ಮಗುವಿನ ಮುಖ ಸುಣ್ಣ ಬಳಿದಂತೆ ಬೆಳ್ಳಗೆ. ಹಿಂದೆ ನಿಂತ ಅಜ್ಜಿ ಕತ್ತಲೆಯಲ್ಲಿ. ಫ್ಲ್ಯಾಷ್ ಬೇಡವೆಂದು ಐಎಸ್ಒವನ್ನು 1600ಕ್ಕೆ ಏರಿಸಿದರೆ ಚಿತ್ರದ ತುಂಬ ಮರಳು ಚೆಲ್ಲಿದ ಹಾಗೆ ಕಾಳು. ಅದೇ ಕಂಪನಿಯವರು 2014ರಲ್ಲಿ ತಂದ ಡಿ750ರಲ್ಲಿ 24 ಮೆಗಾಪಿಕ್ಸೆಲ್. ಐಎಸ್ಒ 12800ರವರೆಗೆ, ಅಂದರೆ ನನ್ನದಕ್ಕಿಂತ ಎಂಟು ಪಟ್ಟು ಮೇಲಕ್ಕೆ ಹೋಗುತ್ತದೆ. ಮಬ್ಬು ಬೆಳಕಿನಲ್ಲಿ ತೆಗೆದ ಅದರ ಚಿತ್ರಗಳನ್ನು ನೋಡಿದ ದಿನದಿಂದ ನನ್ನ ಕ್ಯಾಮೆರಾ ನನಗೆ ಹಿಡಿಸದಾಯಿತು. ನಿನ್ನೆಯವರೆಗೆ ಚೆನ್ನಾಗಿದ್ದ ವಸ್ತು ಇವತ್ತು ಕೆಟ್ಟದ್ದಾಗಲು ಅದಕ್ಕೇನೂ ಆಗಬೇಕಿಲ್ಲ. ಪಕ್ಕದಲ್ಲಿ ಹೊಸದೊಂದು ಬಂದು ಕೂತರೆ ಸಾಕು.

ಹದಿನೆಂಟನೇ ಶತಮಾನದ ಫ್ರೆಂಚ್ ಲೇಖಕ ದೆನಿ ದಿದರೋ ನಮ್ಮ ಧರ್ಮಸಭೆಯ ಸ್ನೇಹಿತನಾಗಿರಲಿಲ್ಲ. ಆದರೂ ಮನುಷ್ಯನ ಮನಸ್ಸನ್ನು ಬಲ್ಲವನು. ತನ್ನ ಹಳೆಯ ಮನೆಯಂಗಿ ಕಳೆದುಕೊಂಡ ಬೇಸರವನ್ನೇ ವಸ್ತುವಾಗಿಸಿಕೊಂಡ ಅವನ ಪ್ರಬಂಧವೊಂದು 1769ರಲ್ಲಿ ಪ್ರಕಟವಾಯಿತು. ಅವನಿಗೆ ಕೆಂಪು ಬಣ್ಣದ ಹೊಸ ಅಂಗಿ ಬಂತು. ಅದನ್ನು ತೊಟ್ಟು ಕೂತರೆ ಹುಲ್ಲಿನ ಕುರ್ಚಿ ಹಳತೆನಿಸಿತು. ಚರ್ಮದ ಕುರ್ಚಿ ಬಂತು. ಆಮೇಲೆ ಮೇಜು, ಗೋಡೆಯ ಚಿತ್ರಗಳು, ಹೀಗೆ ಕೋಣೆಯೆಲ್ಲ ಬದಲಾಯಿತು. ಕೊನೆಗೆ ನೋಡಿದರೆ ಹಳೆಯ ಅಂಗಿಗೆ ಅವನು ಒಡೆಯನಾಗಿದ್ದ, ಹೊಸ ಅಂಗಿಗೆ ಆಳಾಗಿದ್ದ. ಕೆನಡಾದ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರಾಕೆನ್ 1988ರಲ್ಲಿ ಈ ಸರಪಳಿಗೆ 'ದಿದರೋ ಪರಿಣಾಮ' ಎಂದೇ ಹೆಸರಿಟ್ಟರು. ಕ್ಯಾಮೆರಾ ಕೊಂಡವರಿಗೆಲ್ಲ ಇದರ ಅನುಭವವಿದೆ. ಹೊಸ ಕ್ಯಾಮೆರಾಕ್ಕೆ ಹಳೆಯ ಫ್ಲ್ಯಾಷ್ ಹೊಂದುವುದಿಲ್ಲ. ಹಳೆಯ ಲೆನ್ಸು ಆ ಸೆನ್ಸರಿಗೆ ಸಾಲದು. ಚಿತ್ರದ ಕಡತ ದೊಡ್ಡದಾಯಿತೆಂದು ಮೆಮೊರಿ ಕಾರ್ಡು, ಕಾರ್ಡು ತುಂಬಿತೆಂದು ಕಂಪ್ಯೂಟರು. 2018ರಿಂದ ಕನ್ನಡಿಯಿಲ್ಲದ ಹೊಸ ಮಾದರಿಗಳಿಗೆ ಹೊಸ ಅಳತೆಯ ಲೆನ್ಸ್ ಬಾಯಿಯೂ ಬಂತು. ಅಲ್ಲಿಗೆ ಹಳೆಯ ಲೆನ್ಸನ್ನು ಜೋಡಿಸಲು ಇನ್ನೊಂದು ಉಂಗುರ ಕೊಳ್ಳಬೇಕು.

ಹಾಗಾದರೆ ಹೊಸ ಕ್ಯಾಮೆರಾ ಕೊಳ್ಳುವುದೇ ತಪ್ಪೇ? ಹಾಗೆ ಹೇಳಿದರೆ ಸುಲಭ, ಆದರೆ ಸತ್ಯವಲ್ಲ. ಸಂತ ತೋಮಸ್ ಅಕ್ವಿನಾಸರು ಲೋಭದ ವಿಷಯ ಬರೆಯುವಾಗ ಔಷಧಿಯ ಉದಾಹರಣೆ ಕೊಡುತ್ತಾರೆ. ಔಷಧಿ ಇರುವುದು ಆರೋಗ್ಯಕ್ಕಾಗಿ. ಒಳ್ಳೆಯ ವೈದ್ಯ ಔಷಧಿಯನ್ನು ಎಷ್ಟು ಸಾಧ್ಯವೋ ಅಷ್ಟು ಕೊಡುವುದಿಲ್ಲ, ಎಷ್ಟು ಬೇಕೋ ಅಷ್ಟು ಕೊಡುತ್ತಾನೆ. ಸಾಧನಕ್ಕೆ ಅಳತೆ ಸಿಗುವುದು ಅದರ ಗುರಿಯಿಂದ. ಗುರಿಯನ್ನು ಮರೆತು ಸಾಧನವನ್ನೇ ಬಯಸಿದಾಗ ಅಳತೆಯೇ ಇಲ್ಲದಂತಾಗುತ್ತದೆ. ಬೆಲೆ ಹೆಚ್ಚೆಂಬ ಒಂದೇ ಕಾರಣಕ್ಕೆ ಲೋಭವಾಗುವುದಿಲ್ಲ. ಬೆಲೆ ಕಡಿಮೆಯೆಂಬ ಮಾತ್ರಕ್ಕೆ ಲೋಭವಲ್ಲವೆಂದೂ ಆಗುವುದಿಲ್ಲ. ಬಡಗಿ ಒಳ್ಳೆಯ ಉಳಿ ಬಯಸಿದರೆ ಯಾರೂ ಆಕ್ಷೇಪಿಸುವುದಿಲ್ಲ. ಉಳಿಗಳ ಸಾಲು ನೋಡುತ್ತಾ ಕೂತು ಬಾಗಿಲು ಕೆತ್ತುವುದನ್ನೇ ಬಿಟ್ಟರೆ ಮಾತ್ರ ಕೇಳಬೇಕಾಗುತ್ತದೆ.

ಸೆಮಿನರಿಯಲ್ಲಿ ಈ ಪಾಠವನ್ನು ಪರೀಕ್ಷೆಗೆ ಓದಿ ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಅದನ್ನು ನಿಜವಾಗಿ ಕಲಿತದ್ದು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ.

ಅಲ್ಲಿ ಒಬ್ಬ ವೃದ್ಧ ಉಪದೇಶಿಗಳಿದ್ದರು. ಊರಿನ ಮೂರು ತಲೆಮಾರಿನ ಮಕ್ಕಳಿಗೆ ಜಪ ಕಲಿಸಿದವರು. ಗುರುಗಳಿಲ್ಲದ ಭಾನುವಾರಗಳಲ್ಲಿ ಜನರನ್ನು ಸೇರಿಸಿ ಪ್ರಾರ್ಥನೆ ನಡೆಸಿದವರು. ನಾನು ಹೋದಾಗ ಅವರಿಗೆ ಎಂಬತ್ತು ದಾಟಿತ್ತು. ಮಳೆಗಾಲದ ಒಂದು ಸಂಜೆ ಅವರ ಮನೆಗೆ ಪರಮಪ್ರಸಾದ ಕೊಂಡೊಯ್ದಿದ್ದೆ. ಹೊರಡುವಾಗ ಅವರ ಸೊಸೆ ಬಾಗಿಲ ತನಕ ಬಂದರು. "ಸ್ವಾಮಿ, ಮಾವನೋರದ್ದು ಒಂದೂ ಒಳ್ಳೇ ಫೋಟೋ ಇಲ್ಲ. ನೀವು ಚೆನ್ನಾಗಿ ತೆಗೀತೀರಿ ಅಂತ ಎಲ್ರೂ ಹೇಳ್ತಾರೆ. ಒಂದು ತೆಗೆದುಕೊಡ್ತೀರಾ?" ಎಂದು ಸಂಕೋಚದಿಂದ ಕೇಳಿದರು.

ನಾನು ಒಳಗೆ ತಿರುಗಿ ನೋಡಿದೆ. ಹೆಂಚಿನ ಮಾಡು ಹೊಗೆ ಹಿಡಿದು ಕಪ್ಪಾಗಿತ್ತು. ಬಿಳಿಯ ತಾರಸಿಯಿದ್ದರೆ ಫ್ಲ್ಯಾಷನ್ನು ಮೇಲಕ್ಕೆ ತಿರುಗಿಸಿ ಮೃದುವಾದ ಬೆಳಕು ಪಡೆಯಬಹುದು; ಕಪ್ಪು ಹೆಂಚು ಬೆಳಕನ್ನೆಲ್ಲ ನುಂಗಿಬಿಡುತ್ತದೆ. ನೇರವಾಗಿ ಮುಖಕ್ಕೆ ಹೊಡೆದರೆ ಆ ಸುಕ್ಕುಗಳು, ಆ ಮಂಜಾದ ಕಣ್ಣುಗಳು ಚೆನ್ನಾಗಿ ಬರಲಾರವು. ಮನಸ್ಸಿನಲ್ಲಿ ಡಿ750 ಸುಳಿಯಿತು. "ಹೊಸ ಕ್ಯಾಮೆರಾ ತಗೊಳ್ತಾ ಇದ್ದೀನಮ್ಮಾ. ಅದು ಬರಲಿ, ಆಮೇಲೆ ಬಂದು ಚೆನ್ನಾಗಿ ತೆಗೆದುಕೊಡ್ತೀನಿ" ಎಂದೆ. ಆ ತಾಯಿ ಸಂತೋಷದಿಂದ ತಲೆಯಾಡಿಸಿದರು. ಒಳಗಿನಿಂದ ಉಪದೇಶಿಗಳು, "ಸ್ವಾಮಿಗಳಿಗೆ ತೊಂದರೆ ಕೊಡಬೇಡಮ್ಮಾ" ಎಂದರು.

ಕ್ಯಾಮೆರಾ ಬರಲಿಲ್ಲ, ಹಣ ಕೂಡಿಸುತ್ತಿದ್ದೆ. ಮಳೆ ನಿಂತು, ಜಪಮಾಲೆಯ ತಿಂಗಳು ಕಳೆದು, ಆಗಮನ ಕಾಲದ ಮೊದಲ ವಾರದಲ್ಲಿ ಉಪದೇಶಿಗಳು ತೀರಿಕೊಂಡರು. ಮೂವತ್ತನೇ ದಿನದ ಪೂಜೆಗೆ ಅಚ್ಚು ಹಾಕಿಸಿದ ಸ್ಮರಣೆಯ ಕಾರ್ಡಿನಲ್ಲಿ ಅವರ ಆಧಾರ್ ಕಾರ್ಡಿನ ಚಿತ್ರವನ್ನು ಹಿಗ್ಗಿಸಿ ಹಾಕಿದ್ದರು. ಕಣ್ಣು ಎಲ್ಲಿ, ಹುಬ್ಬು ಎಲ್ಲಿ ಎಂದು ಹುಡುಕಬೇಕಾಗಿತ್ತು. ಸೊಸೆ ಒಂದು ಕಾರ್ಡನ್ನು ನನ್ನ ಕೈಗೂ ಕೊಟ್ಟರು. ದೂರಿನ ಒಂದು ಮಾತನ್ನೂ ಆಡಲಿಲ್ಲ. ಆ ಕಾರ್ಡು ಇವತ್ತಿಗೂ ನನ್ನ ಪ್ರಾರ್ಥನಾ ಪುಸ್ತಕದಲ್ಲಿದೆ.

ಆ ರಾತ್ರಿ ಲೆಕ್ಕ ಹಾಕಿ ನೋಡಿದೆ. ನನ್ನ ಹಳೆಯ ಕ್ಯಾಮೆರಾದ ಚಿತ್ರದಲ್ಲಿ ಉದ್ದಕ್ಕೆ 3008, ಅಡ್ಡಕ್ಕೆ 2000 ಚುಕ್ಕಿಗಳಿರುತ್ತವೆ. ಅಂಗುಲಕ್ಕೆ 300 ಚುಕ್ಕಿಯಂತೆ ಸೂಕ್ಷ್ಮವಾಗಿ ಅಚ್ಚು ಹಾಕಿದರೂ 10 ಅಂಗುಲ ಉದ್ದದ ಚಿತ್ರ ಬರುತ್ತದೆ. ಸ್ಮರಣೆಯ ಕಾರ್ಡಿಗೆ ಧಾರಾಳ, ಗೋಡೆಯ ಪಟಕ್ಕೂ ಸಾಕು. ಇನ್ನು ಬೆಳಕು? ಆ ಮನೆಗೆ ಜಗಲಿಯಿತ್ತು. ಬೆಳಿಗ್ಗೆ ಒಂಬತ್ತು ಗಂಟೆಗೆ ಒಂದು ಕುರ್ಚಿಯನ್ನು ಜಗಲಿಗೆ ಎಳೆದು ಹಿರಿಯರನ್ನು ಕೂರಿಸಿದ್ದರೆ ಫ್ಲ್ಯಾಷೇ ಬೇಕಿರಲಿಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ನನ್ನ ತಪ್ಪು ಅದಕ್ಕಿಂತ ದೊಡ್ಡದು. ಕುಣಿಯಲು ಬರುತ್ತಿತ್ತು, ನೆಲವೂ ನೆಟ್ಟಗಿತ್ತು. ನಾನು ಇನ್ನೊಂದು ನೆಲದ ಕನಸಿನಲ್ಲಿದ್ದೆ.

ಲೂಕನ ಶುಭಸಂದೇಶದಲ್ಲಿ ಕಣಜಗಳನ್ನು ಕೆಡವಿ ಇನ್ನೂ ದೊಡ್ಡ ಕಣಜ ಕಟ್ಟಲು ಹೊರಟ ಧನಿಕನ ಸಾಮತಿಯಿದೆ. ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಪೀಠದಿಂದ ಎಷ್ಟೋ ಬಾರಿ ಅದರ ಮೇಲೆ ಪ್ರಬೋಧನೆ ಮಾಡಿದ್ದೇನೆ. ಆದರೆ ನನ್ನ ಕಥೆಯಲ್ಲಿ ಕಣಜ ಕಟ್ಟುತ್ತಿದ್ದವನು ನಾನು. ಕಾಯದೆ ಹೋದವರು ಬೇರೊಬ್ಬರು. ನಮ್ಮ 'ಆಮೇಲೆ'ಗೆ ಬೆಲೆ ತೆರುವವರು ಅನೇಕ ಸಲ ನಾವಲ್ಲ, ನಮ್ಮನ್ನು ನಂಬಿ ಕೇಳಿದವರು.

ಆದುದರಿಂದ ಆ ಯುವಕನಿಗೆ ನಾನು ಕೊಡುವ ಉತ್ತರ ಇದು. ಹೊಸದನ್ನು ಬಯಸುವುದು ಪಾಪವಲ್ಲ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೋ. ಮೊದಲನೆಯದು, ಹಳೆಯದರಲ್ಲಿ ಯಾವ ಕೆಲಸ ಆಗುತ್ತಿಲ್ಲವೆಂದು ಒಂದು ವಾಕ್ಯದಲ್ಲಿ ಹೇಳಬಲ್ಲೆಯಾ? 'ಮಬ್ಬು ಬೆಳಕಿನಲ್ಲಿ ಫ್ಲ್ಯಾಷಿಲ್ಲದೆ ತೆಗೆಯಬೇಕು' ಎನ್ನುವುದು ಕಾರಣ. 'ಹೊಸದು ಬಂದಿದೆ' ಎನ್ನುವುದು ಕಾರಣವಲ್ಲ. ಎರಡನೆಯದು, ಆ ಹಣ ಯಾರದು? ನಿನ್ನ ಉಳಿತಾಯವೋ, ತಂಗಿಯ ಕಾಲೇಜು ಶುಲ್ಕವೋ, ಕಂತಿನ ಸಾಲವೋ? ಮೂರನೆಯದೇ ಮುಖ್ಯ. ಹೊಸದು ಬರಲಿ ಎಂದು ಈಗ ಯಾರಿಗೆ ಏನನ್ನು ಮುಂದೂಡುತ್ತಿದ್ದೀಯೆ? ಹಾಗೆ ಮುಂದೂಡಿದ್ದು ಒಂದಾದರೂ ಇದ್ದರೆ, ಮೊದಲು ಅದನ್ನು ಹಳೆಯ ಕ್ಯಾಮೆರಾದಲ್ಲೇ ಮುಗಿಸು. ಆಮೇಲೆ ಅಂಗಡಿಗೆ ಹೋಗು.

ಫಿಲ್ಮ್ ಕಾಲದವರಿಗೆ ಈ ಶಿಸ್ತು ತಾನಾಗಿಯೇ ಬರುತ್ತಿತ್ತೆಂದು ತೋರುತ್ತದೆ. ಒಂದು ರೋಲಿನಲ್ಲಿ 36 ಚಿತ್ರ; ಪ್ರತಿಯೊಂದಕ್ಕೂ ದುಡ್ಡು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಂಥವರು ಆ ಕಾಲದಲ್ಲೇ ನಮ್ಮ ನಾಡಿನ ಹಕ್ಕಿಗಳ ಬೆನ್ನು ಹತ್ತಿ ಚಿತ್ರ ತೆಗೆದರು. ಅಂದಿನ ಸಲಕರಣೆ ಇವತ್ತಿನದರ ಮುಂದೆ ಏನೂ ಅಲ್ಲ. ಎದುರಿಗಿರುವ ಜೀವಕ್ಕಾಗಿ ಕಾಯುವ ತಾಳ್ಮೆಯನ್ನು ಮಾತ್ರ ಯಾವ ಅಂಗಡಿಯೂ ಮಾರುವುದಿಲ್ಲ.

"ಹಾಗಾದರೆ ನೀವು ಹೊಸದನ್ನು ಕೊಂಡಿರಾ, ಸ್ವಾಮಿ?" ಎಂದು ನೀವು ಕೇಳುವಿರಿ. ಮುಚ್ಚಿಡುವುದಿಲ್ಲ. ಎರಡು ವರ್ಷಗಳ ನಂತರ ಬಳಸಿದ ಡಿ750 ಒಂದನ್ನು ಕೊಂಡೆ. ಹಬ್ಬದ ದಿನ ಬೇರೆ ಗುರುಗಳು ಪೂಜೆ ಅರ್ಪಿಸುವಾಗ ನಾನು ಹಿಂದೆ ನಿಂತು ಚಿತ್ರ ತೆಗೆಯುತ್ತೇನೆ. ಪ್ರಾರ್ಥಿಸುವವರ ಕಣ್ಣಿಗೆ ಮಿಂಚು ಹೊಡೆಯಬಾರದು ಎಂಬುದೇ ನನ್ನ ಒಂದು ವಾಕ್ಯದ ಕಾರಣವಾಗಿತ್ತು. ಹೊಸ ಫ್ಲ್ಯಾಷ್ ಕೊಳ್ಳಲಿಲ್ಲ. ಆ ಕ್ಯಾಮೆರಾ ಮಬ್ಬು ಬೆಳಕಿನಲ್ಲೂ ಕಾಣಬಲ್ಲದಾದ್ದರಿಂದ ಅದರ ಅಗತ್ಯವೇ ಬೀಳಲಿಲ್ಲ. ದಿದರೋನ ಸರಪಳಿ ಅಷ್ಟಕ್ಕೆ ತುಂಡಾಯಿತು.

ಹಳೆಯ ಕ್ಯಾಮೆರಾವನ್ನು ಮಾರಲಿಲ್ಲ. ತಿಂಗಳ ಮೊದಲ ಭಾನುವಾರ ಪೂಜೆಯ ನಂತರ ಗುರುಮನೆಯ ಜಗಲಿಯಲ್ಲಿ ಒಂದು ಕುರ್ಚಿ ಹಾಕಿರುತ್ತೇನೆ. ಹಿರಿಯರು ಬಂದು ಕೂರುತ್ತಾರೆ. ಸೆರಗು ಸರಿಪಡಿಸಿಕೊಳ್ಳುತ್ತಾರೆ, ಹಲ್ಲಿಲ್ಲವೆಂದು ನಾಚುತ್ತಾರೆ, ಮೊಮ್ಮಕ್ಕಳನ್ನು ತೊಡೆಗೆ ಎಳೆದುಕೊಳ್ಳುತ್ತಾರೆ. ಬೆಳಗಿನ ಬೆಳಕು ಪಕ್ಕದಿಂದ ಬೀಳುತ್ತದೆ. 6 ಮೆಗಾಪಿಕ್ಸೆಲ್ ಸಾಕಾಗುತ್ತದೆ. ಪ್ರತಿ ಸಲ ಆ ಕುರ್ಚಿ ಹಾಕುವಾಗ ಅದರಲ್ಲಿ ಮೊದಲು ಕೂರಬೇಕಾಗಿದ್ದವರ ನೆನಪಾಗುತ್ತದೆ.

ಪ್ರಿಯರೇ, ನಿಮ್ಮ ಮನೆಯಲ್ಲೂ ವಯಸ್ಸಾದ ತಂದೆತಾಯಿ, ಅಜ್ಜ ಅಜ್ಜಿ ಇರಬಹುದು. ನಿಮ್ಮ ಕೈಯಲ್ಲಿ ಹಳೆಯ ಕ್ಯಾಮೆರಾವೋ, ಗಾಜು ಒಡೆದ ಮೊಬೈಲೋ ಇರಬಹುದು. ನಾಳೆ ಬೆಳಿಗ್ಗೆ ಒಂದು ಕುರ್ಚಿಯನ್ನು ಜಗಲಿಗೆ ತನ್ನಿ.