ತಂಪು ನೀರಿನ ಗುಣವೇ?

ನೀರಿನ ತಂಪು ನೀರಿನದೇ ಸ್ವಂತದ್ದೋ, ಬೇರೆಯದರ ಸಂಬಂಧದಿಂದ ಒದಗಿದ್ದೋ ಎಂಬ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹೊಸದಲ್ಲ. ವೈಶೇಷಿಕರು ದ್ರವ್ಯಗಳನ್ನು ಗುಣಗಳಿಂದ ಗುರುತಿಸುವಾಗ ಬಿಸಿ ಸ್ಪರ್ಶವನ್ನು ತೇಜಸ್ಸಿಗೂ ತಣ್ಣನೆಯ ಸ್ಪರ್ಶವನ್ನು ನೀರಿಗೂ ಒಪ್ಪಿಸಿ, ಮಣ್ಣು ಮತ್ತು ಗಾಳಿಯ ಸ್ಪರ್ಶ ಎರಡೂ ಅಲ್ಲದ್ದೆಂದು ನಿರ್ಣಯಿಸಿದರು. ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುವವರು ಇಂದಿಗೂ ನೀರಿನ ಲಕ್ಷಣವನ್ನು ಶೀತಸ್ಪರ್ಶದಿಂದಲೇ ಕಲಿಯುತ್ತಾರೆ. ಕಾದ ನೀರು ಸುಡುವುದು ಅದರೊಳಗೆ ಬೆರೆತ ತೇಜಸ್ಸಿನಿಂದ, ತಂಪು ಮಾತ್ರ ಅದರ ಸಹಜ ಗುಣ ಎಂಬುದು ಈ ಪಕ್ಷ. ಇದನ್ನು ಒರೆಗೆ ಹಚ್ಚಬಲ್ಲ ಸಾಧನವೊಂದು, ತೀರ ಬೇರೆ ಉದ್ದೇಶಕ್ಕಾಗಿ, ಮಾಗಡಿ ತಾಲ್ಲೂಕಿನ ಕುದೂರು ಸೀಮೆಯ ರೇಷ್ಮೆ ಹುಳು ಮನೆಗಳಲ್ಲಿ ಬಳಕೆಯಲ್ಲಿದೆ.

ಮಾಗಡಿ, ಕುಣಿಗಲ್ ಕಡೆಯ ಈ ಪ್ರದೇಶ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ಹುಳು ಸಾಕುವವರು ನೋಡುವ ಒಣ-ಒದ್ದೆ ಬಲ್ಬಿನ ಥರ್ಮಾಮೀಟರ್ ಎಂದರೆ ಒಂದೇ ಹಲಗೆಯ ಮೇಲೆ ಕೂರಿಸಿದ, ಎಲ್ಲ ರೀತಿಯಲ್ಲೂ ಸಮನಾದ ಎರಡು ಗಾಜಿನ ಕೊಳವೆಗಳು. ಒಂದರ ಬಲ್ಬು ಬರಿದಾಗಿದ್ದು ಗಾಳಿಯ ಉಷ್ಣಾಂಶವನ್ನು ತೋರಿಸಿದರೆ, ಇನ್ನೊಂದರ ಬಲ್ಬಿಗೆ ತೆಳು ಹತ್ತಿ ಬಟ್ಟೆ ಸುತ್ತಿ ಅದರ ತುದಿಯನ್ನು ಕೆಳಗಿನ ಪುಟ್ಟ ನೀರಿನ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ಬಟ್ಟೆಯ ನೀರು ಆವಿಯಾಗುವಾಗ ಒಂದು ಗ್ರಾಮಿಗೆ ಸುಮಾರು 580 ಕ್ಯಾಲರಿಯಷ್ಟು ಶಾಖವನ್ನು ಬಲ್ಬಿನಿಂದಲೂ ಸುತ್ತಣ ಗಾಳಿಯಿಂದಲೂ ಸೆಳೆದುಕೊಳ್ಳುವುದರಿಂದ ಪಾದರಸ ಕೆಳಗಿಳಿಯುತ್ತದೆ. ಆವಿಯೊಂದಿಗೆ ಹೋಗುವ ಶಾಖವೂ ಗಾಳಿಯಿಂದ ಬರುವ ಶಾಖವೂ ಸಮನಾದಲ್ಲಿ ನಿಲ್ಲುವ ಅಂಕಿಯೇ ಒದ್ದೆ ಬಲ್ಬಿನ ಉಷ್ಣಾಂಶ. ಎರಡು ಅಂಕಿಗಳ ಅಂತರವನ್ನು ಕೋಷ್ಟಕದಲ್ಲಿ ನೋಡಿದರೆ ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಈಗ ಎಷ್ಟು ಪಾಲು ಇದೆ ಎಂಬುದು, ತಿಳಿಯುತ್ತದೆ. ಒಣ ಬಲ್ಬು 28, ಒದ್ದೆ ಬಲ್ಬು 26 ಡಿಗ್ರಿ ಸೆಲ್ಸಿಯಸ್ ಇದ್ದರೆ ಆರ್ದ್ರತೆ ಸುಮಾರು ಶೇ. 85, ಇದು ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ಬೇಕಾದ ಹದ. 25 ಮತ್ತು 21 ಇದ್ದರೆ ಶೇ. 70ರ ಆಸುಪಾಸು, ಇದು ಬೆಳೆದ ಹುಳುವಿಗೆ ಒಗ್ಗುವಂಥದ್ದು.

ಸಾಧನ ಸರಳವಾದರೂ ಅದನ್ನು ನಂಬುವುದು ಅಷ್ಟು ಸರಳವಲ್ಲ. ಕೊಳವೆಬಾವಿಯ ಗಡಸು ನೀರು ಹಾಕಿದರೆ ಲವಣ ಕಟ್ಟಿ ಬಟ್ಟೆ ಬಿರುಸಾಗುತ್ತದೆ, ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ಹಾರಿ ಅದಕ್ಕೆ ಮೆತ್ತಿಕೊಳ್ಳುತ್ತದೆ. ಆಗ ನೀರು ಮೇಲೇರದೆ ಒದ್ದೆ ಬಲ್ಬು ಇಳಿಯಬೇಕಾದಷ್ಟು ಇಳಿಯುವುದಿಲ್ಲ, ಒಣಗಿದ ಕೋಣೆಯೂ ತೇವವಾಗಿರುವಂತೆ ತೋರುತ್ತದೆ. ಗಾಳಿ ಆಡದಿದ್ದರೂ ಇದೇ ತಪ್ಪು ಘಟಿಸುತ್ತದೆ. ಆದ್ದರಿಂದಲೇ ಹವಾಮಾನ ವೀಕ್ಷಕರು ಥರ್ಮಾಮೀಟರ್ ಜೋಡಿಯನ್ನು ಕೈಯಲ್ಲಿ ಗಿರ್ರನೆ ತಿರುಗಿಸಿ, ಇಲ್ಲವೆ ಸಣ್ಣ ಫ್ಯಾನಿನಿಂದ ಗಾಳಿ ಹಾಯಿಸಿ ಅಳೆಯುವ ರೂಢಿ ಬಂದಿದೆ.

ಈಗ ವೈಶೇಷಿಕ ತಾರ್ಕಿಕರ ಪಕ್ಷಕ್ಕೆ ಬರಬಹುದು. ಬೇಸಗೆಯ ಮಧ್ಯಾಹ್ನ ಒಣ ಬಲ್ಬು 36 ಇದ್ದು ಆರ್ದ್ರತೆ ಶೇ. 30 ಆಗಿದ್ದರೆ ಒದ್ದೆ ಬಲ್ಬು 22ರವರೆಗೆ ಇಳಿಯುತ್ತದೆ. ಅದೇ 36 ಡಿಗ್ರಿಯ ಗಾಳಿ ತೇವದಿಂದ ತುಂಬಿ ತುಳುಕುತ್ತಿದ್ದರೆ ಎರಡು ಬಲ್ಬುಗಳೂ 36ನ್ನೇ ತೋರಿಸುತ್ತವೆ. ನೀರೂ ಅದೇ, ಬಟ್ಟೆಯೂ ಅದೇ, ಆದರೆ ತಂಪು ಇಲ್ಲ. ತೇಜಸ್ಸು ತಂಪನ್ನು ಅಡಗಿಸಿಬಿಟ್ಟಿದೆ ಎಂದು ವೈಶೇಷಿಕನು ಸಮಾಧಾನ ಹೇಳಬಹುದಾದರೂ, ಎರಡೂ ಸಂದರ್ಭಗಳಲ್ಲಿ ಗಾಳಿಯ ಬಿಸಿ ಒಂದೇ ಆಗಿರುವಾಗ ಒಂದರಲ್ಲಿ ಅಡಗಿದ ಗುಣ ಇನ್ನೊಂದರಲ್ಲಿ ಹದಿನಾಲ್ಕು ಡಿಗ್ರಿಯಷ್ಟು ಪ್ರಕಟವಾಗುವುದೇಕೆ ಎಂಬುದಕ್ಕೆ ಆ ಸಮಾಧಾನದಲ್ಲಿ ಉತ್ತರವಿಲ್ಲ. ಗಾಳಿಯ ಒಣತನವನ್ನು ಕಾರಣವೆಂದು ಒಪ್ಪಿದ ಕ್ಷಣವೇ ತಂಪು ಗುಣವೆಂಬ ಸ್ಥಾನ ಬಿಟ್ಟು ಸಂಬಂಧವೆಂಬ ಸ್ಥಾನಕ್ಕೆ ಸರಿಯುತ್ತದೆ.

ಏಳನೆಯ ಶತಮಾನದ ಬೌದ್ಧ ಆಚಾರ್ಯ ಚಂದ್ರಕೀರ್ತಿಯು ನಾಗಾರ್ಜುನನ ಕಾರಿಕೆಗಳಿಗೆ ಬರೆದ ವ್ಯಾಖ್ಯಾನದಲ್ಲಿ ಈ ದಾರಿಯನ್ನು ಆಗಲೇ ತೋರಿದ್ದಾನೆ. ನೀರಿನ ಬಿಸಿ ಅದರ ಸ್ವಭಾವವಲ್ಲ, ಹೊರಗಿನ ಕಾರಣದಿಂದ ಆದದ್ದು ಎಂದು ಜನ ಒಪ್ಪುತ್ತಾರೆ. ಆದರೆ ಬೆಂಕಿಯ ಬಿಸಿಯೂ ಸೌದೆ, ಉಜ್ಜುವಿಕೆ ಮುಂತಾದ ಕಾರಣಗಳನ್ನು ಅವಲಂಬಿಸಿರುವಾಗ ಅದನ್ನು ಮಾತ್ರ ಸ್ವಭಾವವೆನ್ನುವುದು ಹೇಗೆ ಎಂಬುದು ಅವನ ವಾದ. ನೀರಿನ ತಂಪಿಗೂ ಇದನ್ನು ವಿಸ್ತರಿಸಲು ಒದ್ದೆ ಬಲ್ಬು ಸಾಕು. ಹಾಗೆಂದು ತಾರ್ಕಿಕರನ್ನು ಹಗುರವಾಗಿ ಕಾಣಬೇಕಿಲ್ಲ: ಅವರು ಮಾತಾಡಿದ್ದು ಚರ್ಮಕ್ಕೆ ತಿಳಿಯುವ ಸ್ಪರ್ಶದ ಬಗ್ಗೆ, ಮತ್ತು ಸದಾ ಬೆವರುವ ಚರ್ಮವು ತಾನೇ ಒಂದು ಒದ್ದೆ ಬಲ್ಬು.

ಈ ಮಾತಿಗೆ ಇಂದು ಪ್ರಾಣದ ಬೆಲೆಯಿದೆ. ಚರ್ಮದ ಉಷ್ಣಾಂಶ ಸುಮಾರು 35 ಡಿಗ್ರಿ ಇರುವುದರಿಂದ, ಒದ್ದೆ ಬಲ್ಬು ಅಷ್ಟಕ್ಕೆ ಮುಟ್ಟಿದ ಮೇಲೆ ಬೆವರು ಆರಿ ದೇಹ ತಣಿಯಲಾರದು, ನೆರಳಿನಲ್ಲಿ ಸುಮ್ಮನೆ ಕೂತವರೂ ಕೆಲವು ಗಂಟೆಗಳಿಗಿಂತ ಹೆಚ್ಚು ತಾಳಲಾರರು ಎಂದು ಶೆರ್‌ವುಡ್ ಮತ್ತು ಹ್ಯೂಬರ್ ಎಂಬ ವಿಜ್ಞಾನಿಗಳು 2010ರಲ್ಲಿ ವಾದಿಸಿದರು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯವಂತ ಯುವಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳು ತೇವದ ಹವೆಯಲ್ಲಿ ಈ ಮಿತಿ 31ರ ಸುಮಾರಿಗೇ ಇದೆ ಎಂದು ಸೂಚಿಸಿದವು. ಕುದೂರಿನ ಒಣ ಸೆಕೆ ಸಾಮಾನ್ಯವಾಗಿ ಆ ಮಿತಿಯಿಂದ ದೂರವಿದೆ, ಕರಾವಳಿಗೆ ಆ ನಿರಾಳ ಕಡಿಮೆ.

ಹುಳುವಿನ ಲೆಕ್ಕವೇ ಬೇರೆ. ಅದಕ್ಕೆ ಬೆವರಿಲ್ಲ, ಅದರ ಮೈ ಬಿಸಿ ಸುತ್ತಣ ಗಾಳಿಯನ್ನೇ ಹಿಂಬಾಲಿಸುತ್ತದೆ, ತೇವ ಬೇಕಾಗಿರುವುದು ಹಿಪ್ಪುನೇರಳೆ ಸೊಪ್ಪು ಬಾಡದಿರಲಿ, ಎಳೆಯ ಮೈಯ ನೀರು ಆರದಿರಲಿ ಎಂದು. ಶೇ. 85ರ ಚಾಕಿ ಕೋಣೆಯಲ್ಲಿ ತಟ್ಟೆಯ ಹುಳು ಹಿತವಾಗಿ ಮೇಯುತ್ತಿರುವಾಗ, ಸೊಪ್ಪು ಹೆಚ್ಚಿ ಹಾಕುವವರ ಬೆನ್ನಿನ ಬೆವರು ಆರುವುದೇ ಇಲ್ಲ.